ಮೂರನೆಯ ಕಲಂ

ಮೂರನೆಯ ಕಲಂ ಇನ್ನೂ ಖಾಲಿ ಇತ್ತು. ಗೌರೀಶ ಮಾರ್ಕರ್ ಹಿಡಿದುಕೊಂಡು ಬೋರ್ಡಿನ ಮುಂದೆ ನಿಂತೇ ಇದ್ದ. ಬ್ರಹ್ಮಾವರದ ಕಡೆಯ ಆ ನರ್ಸಿಂಗ್ ಕಾಲೇಜಿನಲ್ಲಿ ಒಂಬತ್ತು ವರ್ಷದಿಂದ ಇದೇ ಪಾಠ, ಇದೇ ಮೂರು ಕಲಂ. ಬಸಿರಿನ ಊಹಾ ಲಕ್ಷಣ, ಸಂಭಾವ್ಯ ಲಕ್ಷಣ, ಖಚಿತ ಲಕ್ಷಣ.

ಮೊದಲನೆಯದು ಹೆಂಗಸು ಹೇಳುವುದು. ಮುಟ್ಟು ನಿಂತಿದೆ, ವಾಂತಿ, ಎದೆ ಭಾರ. ಎರಡನೆಯದು ಪರೀಕ್ಷೆ ಹೇಳುವುದು. ಮೂತ್ರದ ಪಟ್ಟಿಯಲ್ಲಿ ಎರಡು ಗೆರೆ, ಊದಿದ ಗರ್ಭಕೋಶ. ಮೂರನೆಯದನ್ನು ಮಗುವೇ ಹೇಳಬೇಕು. ಈ ಸಾಲನ್ನು ಅವನು ಪ್ರತಿ ವರ್ಷ ಸಣ್ಣ ನಗೆ ಸೇರಿಸಿ ಹೇಳುತ್ತಿದ್ದ. ಹುಡುಗಿಯರು ನಗೆಯನ್ನು ಬಿಟ್ಟು ಉಳಿದದ್ದನ್ನು ಬರೆದುಕೊಳ್ಳುತ್ತಿದ್ದರು.

"ಸರ್," ಉಪ್ಪುಂದದ ಶ್ರಾವ್ಯ ಎದ್ದು ನಿಂತಳು. "ಮೊದ್ಲಿನ್ ಎರಡೂ ಇತ್ತ್, ಮೂರ್ನೇದ್ ಇಲ್ಲ ಅಂದ್ರೆ? ಆ ಹೆಂಗ್ಸ್ ಬಸ್ರಿಯಾ, ಅಲ್ದಾ?"

"ಪರೀಕ್ಷೆಯಲ್ಲಿ ಹಾಗೆ ಕೇಳುವುದಿಲ್ಲ."

"ಕೇಳಿರೆ ಸರ್?"

"ಕೂತ್ಕೊ."

ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದರು: "ಸರ್ ಗಡ್ಡ ಬಿಟ್ಟಿರ್ ಕಾಣ್. ಅವ್ರಿಗ್ ಗೊತ್ತಿರತ್ತ್." ಬೆಂಚು ನಕ್ಕಿತು.

ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದು. ಶಾಸ್ತ್ರ ಬಲ್ಲವರು ಅದು ಆರನೇ ತಿಂಗಳಿಂದ ಎನ್ನುತ್ತಾರೆ. ಆದರೆ ಮೊಮ್ಮಗುವಿಗಾಗಿ ಆರು ವರ್ಷ ಕಾದಿದ್ದ ಅವನ ಅಮ್ಮ ತುಂಗಾ, ಎರಡು ಗೆರೆ ಮೂಡಿದ ದಿನವೇ ಅವನ ರೇಜರನ್ನು ಎತ್ತಿಟ್ಟಿದ್ದಳು. ಗೌರೀಶನಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಇಲ್ಲವೆನ್ನುವುದಕ್ಕೂ ಒಂದು ಧೈರ್ಯ ಬೇಕು, ಅದೂ ಇರಲಿಲ್ಲ. ಹೆಂಡತಿ ರಂಜನಿಯ ಬಸಿರು ರಂಜನಿಯ ಮೈಮೇಲೆ ಇನ್ನೂ ಎಲ್ಲೂ ಕಾಣುತ್ತಿರಲಿಲ್ಲ. ಊರಿಗೆಲ್ಲ ಕಾಣುತ್ತಿದ್ದುದು ಅವನ ಮುಖದಲ್ಲಿ. ಸಾಸ್ತಾನದ ಟೋಲಿನ ಹತ್ತಿರ ಬಸ್ಸು ಹತ್ತಿದರೆ ಕಂಡಕ್ಟರನೂ ತನ್ನ ಕೆನ್ನೆ ಸವರಿಕೊಂಡು ಹಲ್ಲು ಬಿಡುತ್ತಿದ್ದ.

ಐದು ದಿನದ ಹಿಂದೆ, ಕುಂದಾಪುರದ ಸ್ಕ್ಯಾನಿಂಗ್ ಕೋಣೆಯಲ್ಲಿ, ಬೂದು ಪರದೆಯ ಮೇಲೆ ಒಂದು ಬಿಳಿ ಉಂಗುರ. ಅದರೊಳಗೆ ಕಪ್ಪು. ಕಪ್ಪಿನಲ್ಲಿ ಏನೂ ಇಲ್ಲ. ಚೀಲ ಇದೆ, ಭ್ರೂಣ ಇಲ್ಲ. ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದರು. "ದಿನದ ಲೆಕ್ಕ ತಪ್ಪಿರಲೂಬಹುದು. ಹತ್ತು ದಿನ ಬಿಟ್ಟು ಇನ್ನೊಮ್ಮೆ ನೋಡುವ. ನೀವು ಇದೇ ಫೀಲ್ಡಿನವರಲ್ಲವಾ, ಮನೆಯವರಿಗೆ ನೀವೇ ಹೇಳಿ."

ಇಂಗ್ಲಿಷಿನಲ್ಲಿ ಆ ಸ್ಥಿತಿಯ ಹೆಸರು ಅವನಿಗೆ ಬಾಯಿಪಾಠ. ಸ್ಪೆಲ್ಲಿಂಗ್ ತಪ್ಪಿದವರಿಗೆ ಅರ್ಧ ಅಂಕ ಕಳೆದವನು ಅವನು. ಹೊಟ್ಟೆಯ ಜೆಲ್ ಒರೆಸಿಕೊಳ್ಳುತ್ತಿದ್ದ ರಂಜನಿಯ ಎದುರು ಆ ಹೆಸರು ಕೆಲಸಕ್ಕೆ ಬರಲಿಲ್ಲ.

"ಎಂತ ಹೇಳ್ರ್ ಡಾಕ್ಟ್ರ್?"

"ಮೆಷಿನ್ ಸಮ ಇಲ್ಲ ಅಂಬ್ರ್. ಇನ್ನೊಂದ್ಸಲ ಬರ್ಕ್."

"ಮಗು ಕಂಡಿತಾ?"

"ಸಣ್ದ್."

ಇಲ್ಲದ್ದಕ್ಕೂ ಅವನು ಒಂದು ಗಾತ್ರ ಕೊಟ್ಟಿದ್ದ.

ಮಧ್ಯಾಹ್ನ ಪ್ರಿನ್ಸಿಪಾಲರು ಕರೆಸಿದರು. "ನಾಳೆ ತಪಾಸಣೆಗೆ ಬತ್ರ್. ಇದೆಂತ ಮಾರಾಯ್ರೆ ಮುಖ? ಒಂಚೂರು ನೀಟ್ ಮಾಡ್ಕಂಡ್ ಬನ್ನಿ." ಕಾರಣ ಹೇಳಿದ್ದರೆ ಅವರೇ ನಕ್ಕು ಬಿಡುತ್ತಿದ್ದರು. ಅವನು ತಲೆಯಾಡಿಸಿ ಹೊರಬಂದ. ಸಂಜೆ ಸಾಸ್ತಾನದಲ್ಲಿ ಬಸ್ಸಿಳಿದ ಮೇಲೆ ಕಾಲು ಮನೆಯ ಕಡೆ ಹೋಗದೆ ಸೂರನ ಸೆಲೂನಿಗೆ ಹೋಯಿತು.

"ಹ್ವಾಯ್, ಬನ್ನಿ, ಕೂಕಣಿ," ಎಂದ ಸೂರ. "ನಿಮ್ಮನ್ನ ಕಾಣ್ದೆ ಎಷ್ಟ್ ದಿನ ಆಯ್ತ್. ಸುಮ್ನೆ ಮಾತಾಡುಕಾ?"

"ತೆಗಿ. ಪೂರಾ."

ಬಟ್ಟೆ ಕೊಡವುತ್ತಿದ್ದ ಸೂರನ ಕೈ ನಿಂತಿತು. "ಮೊನ್ನೆ ಅಮ್ಮ ಸಿಕ್ಕಿದ್ರ್. ಏಳ್ ತಿಂಗ್ಳ್ ನಿಂಗೊಂದ್ ಗಿರಾಕಿ ಕಮ್ಮಿ ಮಗ ಅಂದೇಳಿ ನಗಾಡ್ರ್."

"ನಾಳೆ ಕಾಲೇಜಿಗೆ ತಪಾಸಣೆ."

"ತಪಾಸಣಿಗೆ ಗಡ್ಡ ಎಂತ ಮಾಡತ್ತ್?"

"ನೀನೂ ಇದನ್ನೆಲ್ಲ ನಂಬುದಾ ಸೂರ?"

"ನಂದೆಂತ, ತೆಗುದೇ ಕೆಲ್ಸ. ಆರೆ ನಾಳೆ ಎಂತಾರೂ ಆರೆ, ನಿಮ್ ಅಮ್ಮ ತಪ್ಪ್ ನನ್ ಕತ್ತಿ ಮೇಲೆ ಹಾಕ್ತ್ರ್."

ಎಂತಾರೂ ಆದರೆ. ಆಗಿಯೇ ಹೋಗಿದೆಯೋ, ಆಗಲಿಕ್ಕಿದೆಯೋ? ಗಡ್ಡ ಉಳಿದರೆ ಸುಳ್ಳು, ತೆಗೆದರೆ ತೀರ್ಪು. ಬೋಳು ಮುಖ ಹೊತ್ತು ಅಂಗಳಕ್ಕೆ ಕಾಲಿಟ್ಟರೆ ಸಾಕು, ಅವನು ಬಾಯಿ ಬಿಡುವ ಮೊದಲೇ ಇಬ್ಬರು ಹೆಂಗಸರಿಗೂ ತಿಳಿದುಹೋಗುತ್ತದೆ. ತಾನು ಬಂದದ್ದು ಇದಕ್ಕೋ? ಥೂ ಅನ್ನಿಸಿತು. ಮತ್ತೆ, ದಿನದ ಲೆಕ್ಕವೇ ತಪ್ಪಿದ್ದರೆ? ಇನ್ನೈದು ದಿನಕ್ಕೆ ಆ ಕಪ್ಪಿನಲ್ಲಿ ಏನೋ ಮಿಡಿಯಲು ಹೊರಟಿದ್ದರೆ, ಇವತ್ತು ಈ ಬ್ಲೇಡು ತಾಗಿ... ಒಂಬತ್ತು ವರ್ಷ ಪಾಠ ಮಾಡಿದವನು ಇಂಥದ್ದಕ್ಕೆ ಬೆವರುತ್ತಿದ್ದ. ಆ ಬೆವರಿನ ಮೇಲೆ ಅವನಿಗೆ ಸಿಟ್ಟು ಬಂತು.

"ನೊರೆ ಹಚ್ಚು," ಎಂದ.

ಸೂರ ಹಚ್ಚಿದ. ಕೆನ್ನೆ, ಗಲ್ಲ, ತುಟಿಯ ಸುತ್ತ. ಅಷ್ಟರಲ್ಲಿ ಫೋನು ಬಂತು. ನೊರೆ ತಾಗದಿರಲೆಂದು ಸೂರನೇ ಸ್ಪೀಕರ್ ಒತ್ತಿ ಕನ್ನಡಿಯ ಕೆಳಗಿಟ್ಟ.

"ಹ್ವಾಯ್, ಎಲ್ಲಿದ್ರಿ? ಒಂದ್ ವಿಷ್ಯ ಕೇಣಿ," ರಂಜನಿಯ ದನಿ ಅಂಗಡಿ ತುಂಬಿತು. "ಇವತ್ತ್ ಒಂದ್ಸಲವೂ ವಾಂತಿ ಆಯ್ಲಿಲ್ಲ. ಎರಡ್ ಬಟ್ಲ್ ಗಂಜಿ ಉಂಡೆ, ಉಪ್ಪಿನಕಾಯಿ ನೆಂಚ್ಕಂಡ್. ಎದೆ ಭಾರ ಎಲ್ಲ ಇಳ್ದ್ ಹೋಯ್ತ್. ಮೈ ಎಷ್ಟ್ ಹಗುರ ಆಯ್ತ್ ಗೊತ್ತಿತ್ತಾ? ಮಗು ಈಗ ಸಮ ಕೂತ್ಕಂಡಿತ್ ಅಂದ್ರ್ ಅತ್ತೆ."

ಮೊದಲ ಕಲಮ್ಮಿನ ಸಾಲುಗಳನ್ನು ಯಾರೋ ಬೆರಳಿನಿಂದ ಒಂದೊಂದಾಗಿ ಒರೆಸುತ್ತಿದ್ದರು. ಅವಳ ದನಿಯಲ್ಲಿ ಇಷ್ಟು ಖುಷಿಯನ್ನು ಅವನು ಆರು ವರ್ಷದಲ್ಲಿ ಕೇಳಿರಲಿಲ್ಲ.

ಸೂರ ಬ್ಲೇಡು ಎತ್ತಿ ಹಿಡಿದು ಕನ್ನಡಿಯಲ್ಲಿ ಅವನನ್ನು ನೋಡಿದ. "ಹೇಳಿ. ತೆಗುದಾ, ಬ್ಯಾಡ್ದಾ?"

"ಹ್ವಾಯ್, ಎಂತಕ್ ಮಾತಾಡುದಿಲ್ಲ?" ಫೋನಿನಲ್ಲಿ ರಂಜನಿ ಕೇಳಿದಳು. "ಒಳ್ಳೇದೇ ಅಲ್ದಾ ಇದ್?"

ಗೌರೀಶ ಬಾಯಿ ತೆರೆದ. ಎದುರಿನ ಹಳೆಯ ಕನ್ನಡಿಯ ಬೂದು ಮಬ್ಬಿನಲ್ಲಿ ನೊರೆಯ ಒಂದು ಬಿಳಿ ಉಂಗುರ, ಅದರೊಳಗೆ ಕಪ್ಪು. ಆ ಕಪ್ಪಿನಲ್ಲಿ ಏನಾದರೂ ಅಲುಗೀತೇ ಎಂದು ಅವನು ಕಣ್ಣು ಕೀಲಿಸಿ ನೋಡುತ್ತ ಕೂತ.