ಮೂರನೆಯ ಅರ್ಥ

ಲೋಟದ ತಳದಲ್ಲಿ ಕೆಂಪು ಬೊಟ್ಟು, ಉಗುರುಬಣ್ಣದ್ದು, ಇನ್ನೂ ಪೂರ್ತಿ ಒಣಗಿಲ್ಲ, ಬೆರಳಿಗೆ ಹತ್ತುತ್ತಿದೆ — ಅಂದರೆ ಈಗಷ್ಟೇ ಹಚ್ಚಿದ್ದು, ಅವಳು ಬರುತ್ತಾಳೆಂದು ತಿಳಿದ ಮೇಲೆ, ಅವಳ ಲೋಟ ಬೇರೆ ಎಂಬ ಗುರುತಿಗೆ, ಈ ಕಚೇರಿಯಲ್ಲಿ ಈ ಬಣ್ಣ ಹಚ್ಚುವವಳು ಟೈಪಿಸ್ಟ್ ಒಬ್ಬಳೇ, ಆರು ತಿಂಗಳ ಹಿಂದೆ ಅಕ್ಕಾ ಅಕ್ಕಾ ಎಂದು ಅವಳ ಊಟದ ಡಬ್ಬಿಗೇ ಕೈ ಹಾಕುತ್ತಿದ್ದವಳು, ಇರಲಿ, ಬಣ್ಣವೇನೋ ಚೆನ್ನಾಗಿದೆ. ನೀರು ಕುಡಿದಳು, ಗಟಗಟನೆ, ನಾಲ್ಕು ಮೇಜಿನಾಚೆಗೂ ಕೇಳಿಸುವಂತೆ. ಮೇಜನ್ನೂ ಸರಿಸಿದ್ದಾರೆ, ಹತ್ತೊಂಬತ್ತು ವರ್ಷ ಕಿಟಕಿ ಪಕ್ಕ ಇದ್ದ ಮೇಜು ಈಗ ಮೆಟ್ಟಿಲ ಕೆಳಗೆ, ಹಳೆ ಕಪಾಟುಗಳ ಸಂದಿಯಲ್ಲಿ, ನಿಮಗೆ ಗಾಳಿ ಚೆನ್ನಾಗಿ ಬರ್ಲಿ ಅಂತ ದೊಡ್ಡವ್ರು ಹೇಳಿದ್ರಮ್ಮ ಅಂದ ಜವಾನ, ಹೇಳಿ ತಾನೇ ಆ ಗವಿಯನ್ನೊಮ್ಮೆ ನೋಡಿ, ತಲೆ ಕೆರೆದುಕೊಂಡು ಹೋದ. ದೊಡ್ಡವರೆಂದರೆ ಪ್ರಧಾನ ಸಂಪಾದಕರು. ಇಲ್ಲಿ ಮಿಕ್ಕವರಿಗೆ ಹೆಸರಿಲ್ಲ, ಇಲ್ಲಿ ಬರೆಯುತ್ತಿರುವ ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ಯಾರ ಪಾಲಿಗೆ ಯಾವ ಅಕ್ಷರವೋ ಅದೇ ಹೆಸರು, ಬಿ ಮೇಷ್ಟ್ರು, ಡಿ ಅಣ್ಣ, ಅವಳು ಸಿ ಅಕ್ಕ — ಸಿ ಅಕ್ಕನಿಗೆ ಕ್ಷಯವಂತೆ, ಅಂತ ಆವತ್ತು ಇದೇ ಮೆಟ್ಟಿಲ ಮೇಲೆ ಪಿಸುಪಿಸು, ಎಷ್ಟು ಬೇಗ ಓಡಿತು ಆ ಮಾತು, ರೋಗಕ್ಕೆ ಅಷ್ಟು ಕಾಲಿಲ್ಲ. ಗುಣವಾಗಿದೆ ಸ್ವಾಮಿ. ಆರು ತಿಂಗಳು ಒಂದು ದಿನ ತಪ್ಪದೆ ಮಾತ್ರೆ, ಉಚ್ಚೆಯೆಲ್ಲ ಕಿತ್ತಳೆ ಬಣ್ಣ, ಹೊಟ್ಟೆಯಲ್ಲಿ ತೊಳಸು, ಕಫದ ಪರೀಕ್ಷೆ ಮೂರು ಸಲ, ಮೂರರಲ್ಲೂ ಏನಿಲ್ಲ, ಡಾಕ್ಟರಮ್ಮ ನಗುತ್ತಾ ಕೈ ಕುಲುಕಿ ಕಾಗದ ಬರೆದುಕೊಟ್ಟರು, ಇನ್ನು ಕೆಲ್ಸಕ್ಕೆ ಹೋಗಿ, ಮೊದಲ ಕೆಲವು ವಾರ ಕಳೆದ ಮೇಲೆ ನಿಮ್ಮಿಂದ ಯಾರಿಗೂ ಹರಡೋ ಹಾಗೇ ಇರ್ಲಿಲ್ಲ, ಹೇಳಿರ್ಲಿಲ್ವಾ ನಿಮ್ಮನೇವ್ರಿಗೆ? ಹೇಳಿದ್ದರು. ಮನೆಯವರು ಕೇಳಿಸಿಕೊಂಡಿದ್ದರು. ಕೇಳಿಸಿಕೊಂಡು ಅವಳ ಕೋಣೆಯ ಬಾಗಿಲು ಹಾಕಿದ್ದರು.

ಆ ಬಾಗಿಲು ಬೇಡ ಈಗ, ಕಾರ್ಡು ನೋಡು, ಕೆಲಸ ನೋಡು, ಅವಳ ಸಿ ಅಕ್ಷರದ ಪದಗಳ ಕಾರ್ಡುಗಳನ್ನು ಡಿ ಅಣ್ಣನ ಕೈಗೆ ಕೊಟ್ಟಿದ್ದರಂತೆ, ಅವನ ಕೋಳಿಕಾಲಿನ ಅಕ್ಷರ ಎಲ್ಲ ಕಡೆ, ಕಂಟೇಜಿಯಸ್ — ಬಂತಲ್ಲ ನನ್ನ ಪದ, ಬಾರಪ್ಪ — ಅಂಟುರೋಗವುಳ್ಳ, ಹತ್ತಿರ ಸೇರಿಸಬಾರದ, ಉದಾಹರಣೆಗೆ, ಅಂಥವರಿಂದ ದೂರವಿರಿ. ಇದು ಅರ್ಥವೋ ಗೋಡೆಗೆ ಬಡಿದ ಬೋರ್ಡೋ? ಮೂಲ ಬರೆದೇ ಇಲ್ಲ, ಮಹಾರಾಯ. ಲ್ಯಾಟಿನ್, ಕಾನ್ ಎಂದರೆ ಕೂಡಿ, ಟಾಂಗೆರೆ ಎಂದರೆ ಮುಟ್ಟು, ಕೂಡಿ ಮುಟ್ಟುವುದು, ಅಷ್ಟೇ, ಕಾಂಟ್ಯಾಕ್ಟ್ ಅದರ ಒಡಹುಟ್ಟಿದ್ದು, ಇಂಟ್ಯಾಕ್ಟ್ ಕೂಡ, ಯಾರೂ ಮುಟ್ಟದೆ ಇಡಿಯಾಗಿ ಉಳಿದದ್ದು — ಹಾಗೆ ನೋಡಿದರೆ ಆರು ತಿಂಗಳು ಅವಳು ಇಂಟ್ಯಾಕ್ಟ್. ನಮ್ಮ ಸೋಂಕೂ ಹಾಗೇ, ಮೊದಲು ಬರೀ ಮುಟ್ಟುವುದು, ಹಳಗನ್ನಡದಲ್ಲಿ ಗಾಳಿ ಸೋಂಕುತ್ತಿತ್ತು, ನಲ್ಲನ ಬೆರಳು ಸೋಂಕುತ್ತಿತ್ತು, ಸೋಂಕಿದರೆ ಮೈ ಜುಮ್ಮೆನ್ನುತ್ತಿತ್ತೇ ಹೊರತು ಜ್ವರ ಬರುತ್ತಿರಲಿಲ್ಲ, ಒಂದರ ಮುಖ ಒಂದು ಕಾಣದ ಎರಡು ಭಾಷೆ ಎರಡೂ ಸೇರಿ ಮುಟ್ಟುವುದನ್ನೇ ರೋಗ ಮಾಡಿಟ್ಟವು. ತಮಾಷೆಯೆಂದರೆ ಅವಳದು ಮುಟ್ಟಿದರೆ ಬರುವ ಕಾಯಿಲೆಯೇ ಅಲ್ಲ, ಕೆಮ್ಮಿನ ಗಾಳಿಯಲ್ಲಿ ಹೋಗುವಂಥದ್ದು, ಲೋಟಕ್ಕೆ ಬೊಟ್ಟಿಟ್ಟರೆ ಅದಕ್ಕೇನು, ಪದವೇ ತಪ್ಪು, ಹತ್ತೊಂಬತ್ತು ವರ್ಷ ಪದ ತೂಗಿದವಳನ್ನು ತಪ್ಪು ಪದಕ್ಕಾಗಿ ಮೂಲೆಗೆ ಕೂರಿಸಿದ್ದಾರೆ, ಅದೇ ಉರಿಯುವುದು. ಮಗಳಿಗೆ ಆರು ವರ್ಷ. ಬಾಗಿಲ ಕೆಳಗಿನ ಸಂದಿಯಲ್ಲಿ ನಾಲ್ಕು ಬೆರಳು ತೂರಿಸುತ್ತಿದ್ದಳು, ಅಮ್ಮಾ ಮುಟ್ಟು, ಒಂದೇ ಸಲ ಮುಟ್ಟು, ಮಾತ್ರೆ ಶುರುವಾಗಿ ಮೂರು ತಿಂಗಳಾಗಿತ್ತು, ಇವಳು ನೆಲದ ಮೇಲೆ ಬೋರಲು ಮಲಗಿ ಆ ಬೆರಳುಗಳನ್ನು ನೋಡುತ್ತಿದ್ದಳು, ಉಗುರಲ್ಲಿ ಮಣ್ಣು, ಆಚೆಯಿಂದ ಅತ್ತೆ, ಏಯ್ ಬಾ ಈಚೆಗೆ, ನಿಮ್ಮಮ್ಮಂಗೆ ಬುದ್ಧಿ ಇಲ್ಲ ಅಂದ್ರೆ ನಿಂಗೂ ಇಲ್ವಾ — ಮುಟ್ಟಬಹುದಿತ್ತು. ಮುಟ್ಟಲಿಲ್ಲ. ಡಾಕ್ಟರಮ್ಮನ ಮಾತಿಗಿಂತ ಅತ್ತೆಯ ಮಾತನ್ನು ನಂಬಿದೆನಲ್ಲ, ಅದಕ್ಕೆ ನನಗೆ ನಾನೇ ಬಾರಿಸಿಕೊಳ್ಳಬೇಕು. ಅವಳು ಡಿ ಅಣ್ಣನ ಬರಹದ ಮೇಲೆ ಉದ್ದಕ್ಕೂ ಗೀಟು ಎಳೆದಳು, ಹೊಸ ಕಾರ್ಡು ತೆಗೆದಳು.

ಹನ್ನೊಂದಕ್ಕೆ ಸಭೆ, ಉದ್ದ ಮೇಜಿನ ಸುತ್ತ ಎಲ್ಲರೂ, ಅವಳ ಕುರ್ಚಿ ಬಾಗಿಲ ಬಳಿ, ಚಪ್ಪಲಿ ಬಿಟ್ಟಂತೆ ಒಂಟಿ. ಅಲ್ಲೇ ಕೂತು ಓದಿಬಿಡಿ, ಕೇಳುತ್ತೆ, ಅಂದರು ದೊಡ್ಡವರು, ಕರವಸ್ತ್ರ ಮೂಗಿನ ಹತ್ತಿರ. ಕೇಳಲ್ಲ ಸಾರ್, ನನ್ನ ದನಿ ಇನ್ನೂ ಸಣ್ಣಗಿದೆ, ಅಂದಳು ಸಾಕಷ್ಟು ದೊಡ್ಡ ದನಿಯಲ್ಲಿ, ಕುರ್ಚಿಯನ್ನು ನೆಲದ ಮೇಲೆ ಕಿರ್ರೆಂದು ಎಳೆದುಕೊಂಡೇ ಬಂದಳು, ಡಿ ಅಣ್ಣ ಬಿ ಮೇಷ್ಟ್ರ ಕಡೆ ಸರಿದ, ಮೇಷ್ಟ್ರು ಟೈಪಿಸ್ಟ್ ಕಡೆ, ಸರಿಯಿರಿ, ಚೆನ್ನಾಗಿ ಸರಿಯಿರಿ, ಜಾಗ ಆಯಿತು, ಕೂತಳು. ಡಾಕ್ಟರಮ್ಮನ ಕಾಗದವನ್ನು ಮೇಜಿನ ನಡುವೆ ಇಟ್ಟಳು, ಯಾರೂ ಮುಟ್ಟಲಿಲ್ಲ. ಕಂಟೇಜಿಯಸ್, ಓದಿದಳು, ಒಂದು, ರೋಗದ ವಿಷಯದಲ್ಲಿ, ಒಬ್ಬರಿಂದ ಒಬ್ಬರಿಗೆ ಸ್ಪರ್ಶದಿಂದ ಹರಡುವ. ಎರಡು, ವ್ಯಕ್ತಿಯ ವಿಷಯದಲ್ಲಿ, ಅಂಥ ರೋಗ ಸದ್ಯಕ್ಕೆ ಇರುವ — ಸದ್ಯಕ್ಕೆ ಅನ್ನೋದು ಯಾಕಮ್ಮ, ಅಂದರು ದೊಡ್ಡವರು. ಯಾಕಂದ್ರೆ ಅದು ಹೋಗುತ್ತೆ ಸಾರ್. ಮೂಲ, ಲ್ಯಾಟಿನ್, ಕೂಡಿ ಮುಟ್ಟು. ಮೂರನೇದು ಬೇಕಾಗಿಲ್ಲ, ಜಾಗ ಇಲ್ಲ, ಎರಡೇ ಸಾಕು ಅಂತ ದೊಡ್ಡವರು, ಕೈ ಆಡಿಸಿ ಮುಂದಿನ ಕಾರ್ಡಿಗೆ ಹೋಗಿ ಅಂದರು. ಮೂರು, ಅಂದಳು ಅವಳು, ನಗು, ಧೈರ್ಯ, ಆಕಳಿಕೆ ಮುಂತಾದವುಗಳ ವಿಷಯದಲ್ಲಿ, ನೋಡಿದವರಿಗೂ ತಾನಾಗಿ ಹತ್ತುವ — ಎರಡೇ ಸಾಕು ಅಂದ್ನಲ್ಲಮ್ಮ. ಆಗ ಅವಳು ಆಕಳಿಸಿದಳು. ಮೊದಲು ಬೇಕೆಂದೇ, ಆಮೇಲೆ ಅದೇ ಅವಳನ್ನು ಹಿಡಿದುಕೊಂಡಿತು, ದವಡೆ ಬಿರಿಯುವಂತೆ, ಕಣ್ಣಲ್ಲಿ ನೀರು ಬರುವಂತೆ, ಆರು ತಿಂಗಳ ಮುಚ್ಚಿದ ಕೋಣೆಯ ಗಾಳಿಯೆಲ್ಲ ಹೊರಗೆ, ಕೈ ಅಡ್ಡ ಇಡಲಿಲ್ಲ, ಇಡುವುದಿಲ್ಲ, ಆಹಾ. ಟೈಪಿಸ್ಟ್ ಹುಡುಗಿಯ ಮೂಗಿನ ಹೊಳ್ಳೆ ಅಗಲವಾಯಿತು, ತುಟಿ ಕಚ್ಚಿದಳು, ಬಂದೇಬಿಟ್ಟಿತು, ಕೆಂಪುಗುರಿನ ಕೈ ಬಾಯಿಗೆ ಹೋಗುವುದರೊಳಗೆ, ಬಿ ಮೇಷ್ಟ್ರಿಗೆ ಸದ್ದಿನ ಸಮೇತ, ಡಿ ಅಣ್ಣ ತಲೆ ತಗ್ಗಿಸಿ ಕಾರ್ಡಿನ ಹಿಂದೆ, ಭುಜ ಮೇಲೆದ್ದು ಇಳಿಯಿತು, ಬಾಗಿಲಲ್ಲಿ ನಿಂತ ಜವಾನ ಎರಡು ಸಲ, ಯಾರೋ ಕಿಸಕ್ಕೆಂದರು, ಟೈಪಿಸ್ಟೇ, ಅಯ್ಯೋ ಸಿ ಅಕ್ಕಾ ಎಂದು ನಗುತ್ತಾ ಅವಳ ತೋಳು ಹಿಡಿದೇಬಿಟ್ಟಳು, ಹಿಡಿದದ್ದು ಗೊತ್ತೇ ಆಗದೆ, ಬಿಸಿ ಕೈ, ಬಿಡಬೇಡವೇ ಮಾರಾಯ್ತಿ, ಆದರೆ ಅವಳು ಅತ್ತ ತಿರುಗಲಿಲ್ಲ, ನೋಡುತ್ತಿದ್ದುದು ದೊಡ್ಡವರ ಬಾಯನ್ನು, ಬಿಗಿ ಮುಚ್ಚಿದ ಬಾಯಿ, ಕೆನ್ನೆಯ ನರ ಎದ್ದಿದೆ, ಕಣ್ಣು ಒದ್ದೆಯಾಗುತ್ತಿದೆ, ಎಷ್ಟು ಹೊತ್ತು ತಡೆಯುತ್ತೀರಿ ಸಾರ್, ಕರವಸ್ತ್ರ ಜಾರಿತು, ಬಾಯಿ, ತುಟಿ ನಡುಗುತ್ತಿದೆ, ಬಾಯಿ, ತೆರೆಯುತ್ತಿದೆ, ಸವೆದ ಹಲ್ಲು, ನಾಲಿಗೆ, ಕಿರುನಾಲಿಗೆಯವರೆಗೂ ತೆರೆದ, ಎಳೆಗೂಸಿನದಂಥ, ಬಾಯಿ —