ನೂರೆರಡು ಕಿಲೋ

ಬೆನ್ನ ಹಿಂದೆ ಎಂಜಿನ್ನು ನಡುಗುತ್ತಿದೆ, ನಡುಕ ಸೊಂಟದಿಂದ ಹತ್ತಿ ಹಲ್ಲಿಗೆ ಬರುತ್ತಿದೆ, ಮುಂದೆ ರೇಸಿಗೆ ಹೊರಡಬೇಕಾದ್ದು ಇನ್ನು ಎರಡೇ ಕಾರು, ಆಮೇಲೆ ನಾನು, ಗುಡ್ಡದ ತುದಿಗೆ ಹನ್ನೊಂದು ತಿರುವು, ನನಗೆ ಬೇಕಾದ್ದು ಮೂರನೆಯದೊಂದೇ — ಹೋದ ಸೆಪ್ಟೆಂಬರಿನಲ್ಲಿ ಅಲ್ಲೇ ಕಾರಿನ ಬಾಲ ಸುತ್ತಿ ಬಂದು ಕಲ್ಲುಗೋಡೆಗೆ ಬಡಿದದ್ದು, ಅಲ್ಲೇ ನಾನು ಹೆದರಿ ಆಕ್ಸಿಲರೇಟರಿನಿಂದ ಕಾಲೆತ್ತಿದ್ದಕ್ಕೇ ಹಾಗಾಯಿತು ಎಂದು ಊರೆಲ್ಲ ಹೇಳಿದ್ದು, ಬಾರಿನಲ್ಲಿ ಕಾಫಿ ಕೊಡುವ ನೆಲ್ಲೊ ಕೂಡ, ಏನ್ ಫಿಯೊರೆಂಜಾ, ಕಾಲು ಜುಮ್ ಅಂದ್ಬಿಡ್ತಾ, ಹೊಲಿಗೆ ಮಿಷನ್ ತುಳಿಯೋದೇ ಸುಲಭ ಕಣಮ್ಮ. ಕಾಲೆತ್ತಿದ ನೆನಪಿಲ್ಲ, ಆದರೂ ನಂಬಿದೆ, ಹೆದರಿದವಳಿಗೆ ನೆನಪು ಎಲ್ಲಿರುತ್ತದೆ ಎಂದುಕೊಂಡೆ, ಇವತ್ತೂ ಬಾಲ ಸುತ್ತಿದರೆ ಹೆಲ್ಮೆಟ್ಟು ಅಟ್ಟಕ್ಕೆ, ಅಷ್ಟೇ. ಈ ಕಾರಿನ ಸ್ವಭಾವ ನನಗೆ ಗೊತ್ತಿಲ್ಲದ್ದೇನಲ್ಲ, ಭಾರವೆಲ್ಲ ಹಿಂದಿನ ಚಕ್ರಗಳ ಮೇಲೆ, ಅದಕ್ಕೇ ಹಿಂದೆ ದಪ್ಪ ಟೈರು, ಮುಂದೆ ಸಣ್ಣದು, ಮೂತಿ ಜಾರಿದರೆ ಜಾರಲಿ, ಬಾಲ ಜಾರಬಾರದು — ಒರಿಯಾನೊ, ನನ್ನ ಅಣ್ಣ, ನನ್ನ ಮೆಕ್ಯಾನಿಕ್ಕು, ಅವನೇ ಕಲಿಸಿದ ಪಾಠ. ಬೆಳಿಗ್ಗೆ ನಾಲ್ಕು ಚಕ್ರಗಳ ಕೆಳಗೆ ತೂಕದ ಯಂತ್ರ ಇಟ್ಟು, ಬಾ, ಒಳಗೆ ಕೂತ್ಕೋ ಅಂದ. ನಾನಾ? ನೀನೇ, ಓಡ್ಸೋಳು ನೀನಲ್ವಾ. ಮುಖ ನೋಡದೆ ಅಂದ. ಮುಂದಿನ ಟೈರು ಹೋದ ಸಲಕ್ಕಿಂತ ಒಂದು ಸೈಜು ಸಣ್ಣದು, ಯಾಕೆ ಎಂದರೆ, ಸುಮ್ನೆ, ಚೆನ್ನಾಗಿರತ್ತೆ, ಆದರೆ ಅದಕ್ಕೆ ಅಂಟಿದ್ದ ಅಂಗಡಿಯ ಚೀಟಿಯಲ್ಲಿ ನವೆಂಬರಿನ ತಾರೀಕು. ಹೋದ ಸಲ ತೂಕಕ್ಕೆ ಕೂತವನು ಅವನು, ನೀನ್ ಹೋಗಿ ಕಾಫಿ ಕುಡ್ಕೊಂಡ್ ಬಾ ಎಂದು, ನೂರೆರಡು ಕಿಲೋ, ಮಂಡಿ ಸ್ಟಿಯರಿಂಗಿಗೆ ಒತ್ತಿಕೊಂಡು — ನಾನು ಐವತ್ತನಾಲ್ಕು. ಹಸಿರು ದೀಪ, ಒಂದನೇ ತಿರುವು, ಎರಡನೇದು, ಹೋದ ಸಲ ಅವನ ಭಾರಕ್ಕೆ ಮೂತಿ ತಗ್ಗಿತು, ತಗ್ಗಿದ ಮೂತಿಗೆ ತಕ್ಕಂತೆ ಮುಂದೆ ಒಂದು ಸೈಜು ದಪ್ಪ ಟೈರು ಹಾಕಿದ, ನಾನು ಕೂತಾಗ ಮೂತಿ ಹಗುರ, ಟೈರು ಮಾತ್ರ ಅದೇ ದಪ್ಪದ್ದು, ರಸ್ತೆ ಕಚ್ಚಿ ಒಳಕ್ಕೆ ತಿರುಗಿತು, ಹಿಂದಿನ ಭಾರ ಹೊರಗೆ ಹೋಗದೆ ಇನ್ನೇನು ಮಾಡೀತು — ಮೂರನೆಯದು, ಗೋಡೆ, ಕಾಲು ಒತ್ತಿಯೇ ಇದೆ, ಮೂತಿ ಚೂರು ಜಾರಿ ಹಿಡಿದುಕೊಂಡಿತು, ಬಾಲ ತೆಪ್ಪಗೆ ಹಿಂದೆ ಬಂತು, ಗೋಡೆ ಕಿಟಕಿಯ ಪಕ್ಕ ಹಾದುಹೋಯಿತು. ನಾನು ಕಾಲೆತ್ತಿರಲಿಲ್ಲ. ಅವನಿಗೆ ಗೊತ್ತಿತ್ತು, ನವೆಂಬರಿನಿಂದಲೇ ಗೊತ್ತಿತ್ತು — ನಾಲ್ಕನೇ ತಿರುವು — ಸಂತೋಷ ಆಗಬೇಕಿತ್ತು, ಆಗುತ್ತಿಲ್ಲ, ಇಡೀ ಚಳಿಗಾಲ ಭಾನುವಾರದ ಊಟ, ಅಮ್ಮ ತೊರ್ತೆಲ್ಲೀನಿ ಪಾಸ್ತಾ ಬಡಿಸುತ್ತ, ಹೆದರಿಕೆ ಆಗತ್ತೆ ಬಿಡು ಮಗಳೇ, ಯಾರಿಗಾಗಲ್ಲ, ಎದುರಿಗೆ ಅವನು, ತಲೆ ತಗ್ಗಿಸಿ ಚೀಸು ತುರಿಯುತ್ತ — ಐದನೇದು — ಎಲ್ಲ ಗೊತ್ತಿದ್ದೂ, ಮೊದಲು ನನ್ನ ತಟ್ಟೆಗೇ ತುರಿಯುತ್ತ, ಅವನ ಕೈ, ತುರಿಯುವ ಮಣೆ, ನನ್ನ ತಟ್ಟೆ, ಅವನ ಕೈ.