ರೆನೆಲ್‌ಳ ಏರಿದ ಬಿ.ಪಿ.

ಅಮೆರಿಕದ ಮಿಲ್ವಾಕಿ ನಗರದ ಆ ದೊಡ್ಡ ಆಸ್ಪತ್ರೆಗೆ ಕಾಲಿಟ್ಟರೆ ಸಾಕು, ಏಳು ತಿಂಗಳ ಬಸುರಿ ರೆನೆಲ್‌ಳ ಬಿ.ಪಿ. ಏರುತ್ತಿತ್ತು. ಅಲ್ಲಿನ ಬಿಳಿಯ ನರ್ಸ್ ಪ್ರತಿ ಸಲವೂ ಕೇಳುವುದು ಒಂದೇ: "ಮಗುವಿನ ತಂದೆ ಜೊತೆಗಿದ್ದಾನಾ?" ಗಂಡ ಕಾರ್ನೆಲ್ ಪಕ್ಕದಲ್ಲೇ ಅವಳ ಕೈಚೀಲ ಹಿಡಿದು ನಿಂತಿರುತ್ತಿದ್ದ. ರೆನೆಲ್ ತಲೆನೋವು ಎಂದರೆ, "ನಿಮ್ಮ ಕಪ್ಪು ಜನ ಗಟ್ಟಿ, ತಡ್ಕೋತೀರಿ" ಎನ್ನುವಳು ನರ್ಸ್. ರೆನೆಲ್ ಸಿಟ್ಟು ನುಂಗಿಕೊಂಡು ಮನೆಗೆ ಬರುತ್ತಿದ್ದಳು.

ಕೊನೆಗೆ ಇಬ್ಬರೂ ತಮ್ಮ ಕಪ್ಪು ಜನರೇ ನಡೆಸುವ ಹೆರಿಗೆ ಕೇಂದ್ರಕ್ಕೆ ಹೋದರು. ಸೂಲಗಿತ್ತಿ ಒಡೆಸ್ಸಾ ಎದ್ದು ಬಂದು ಕಾರ್ನೆಲ್‌ನ ಕೈ ಕುಲುಕಿದಳು.

"ತಂದೆ ನೀನೇ ತಾನೇ? ಕೂತ್ಕೋ ಮಾರಾಯ."

ಕಾರ್ನೆಲ್ ಬೆಪ್ಪಾಗಿ ಹೆಂಡತಿಯತ್ತ ತಿರುಗಿದ. "ರೆನೆಲ್, ಇವರ ಕಣ್ಣಿಗೆ ನಾನು ಕಾಣಿಸ್ತೀನಿ ಕಣೆ."

ರೆನೆಲ್‌ಗೆ ತಡೆಯಲಾರದ ನಗು ಉಕ್ಕಿತು. ಅವಳನ್ನು ನೋಡಿ, ಸರದಿಗೆ ಕಾಯುತ್ತಿದ್ದ ಬಸುರಿಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಧಾನ ಕಣ್ರೇ, ನಗ್ತಾ ನಗ್ತಾ ಎಲ್ರೂ ಇಲ್ಲೇ ಹೆತ್ತುಬಿಟ್ಟೀರಿ" ಎಂದಳು ಒಡೆಸ್ಸಾ.

ಆಮೇಲೆ ತಲೆನೋವಿನ ಕತೆಯನ್ನೆಲ್ಲ ಕೂತು ಕೇಳಿ, ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಬಿ.ಪಿ. ಎಷ್ಟೋ ಇಳಿದಿತ್ತು.

"ಇನ್ನೂ ಸ್ವಲ್ಪ ಹೆಚ್ಚೇ ಇದೆ ಮಗಳೇ. ಡಾಕ್ಟರ್ ಹತ್ರ ಮಾತ್ರೆ ಬರೆಸ್ತೀನಿ, ವಾರ ವಾರ ಬಾ. ಅವಮಾನ ನುಂಗ್ತಾ ಇದ್ರೆ ರಕ್ತಕ್ಕೂ ಗೊತ್ತಾಗತ್ತೆ."

"ನಾನೂ ಬರ್ಲಾ?" ಎಂದ ಕಾರ್ನೆಲ್.

"ನೀನಿಲ್ದೆ ಇವಳೊಬ್ಳೇ ಬಂದ್ರೆ ಬಾಗಿಲೇ ತೆಗೆಯಲ್ಲ."

ದಾರಿಯುದ್ದಕ್ಕೂ ಇಬ್ಬರೂ ಹುಚ್ಚು ಹಿಡಿದವರಂತೆ ನಗುತ್ತ ಬಂದರು. ಎರಡು ತಿಂಗಳ ಮೇಲೆ, ದಿನ ತುಂಬಿಯೇ ಹುಟ್ಟಿದ ಹೆಣ್ಣುಕೂಸು ಬೀದಿಗೆಲ್ಲ ಕೇಳುವಂತೆ ಅತ್ತಿತು.